ಗೆರೆಯವರೆಗೆ ನೀರು

ನನ್ನ ಮೈಮೇಲೆ ಒಂದು ಗೆರೆಯಿದೆ. ಬಾಯಿಂದ ಎರಡು ಬೆರಳು ಕೆಳಗೆ, ಬಿಳಿ ಬಣ್ಣದಲ್ಲಿ ಎಳೆದದ್ದು. ಆ ಗೆರೆಯವರೆಗೆ ನೀರು ತುಂಬಿ, ಒಂದು ಪೊಟ್ಟಣ ಪುಡಿ ಹಾಕಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಟ್ಟರೆ ನಾನು ಒಂದೇ ಒಂದು ಮಾತು ಹೇಳುತ್ತೇನೆ. ನೀರು ಚೆನ್ನಾಗಿದ್ದರೆ ಹಳದಿಯಾಗಿಯೇ ಉಳಿಯುತ್ತೇನೆ. ಅದರಲ್ಲಿ ಹೊಲಸು ಸೇರಿದ್ದರೆ ಕಪ್ಪಾಗುತ್ತೇನೆ. ಇಷ್ಟೇ ನನ್ನ ವಿದ್ಯೆ. ಇದಕ್ಕಿಂತ ಹೆಚ್ಚಿನದನ್ನು ನನಗೆ ಯಾರೂ ಕಲಿಸಲಿಲ್ಲ.

ನಾನು ನೀರು ಪರೀಕ್ಷೆ ಮಾಡುವ ಗಾಜಿನ ಬಾಟಲಿ. ಅಂಗೈಯಲ್ಲಿಟ್ಟು ಬೆರಳು ಮಡಚಿದರೆ ಕಾಣದಷ್ಟು ಚಿಕ್ಕದು.

ಹುಟ್ಟಿದ್ದು ಬೆಂಕಿಯಲ್ಲಿ. ಒಡೆದ ಸೋಡಾ ಬಾಟಲಿಗಳು, ಕೆಮ್ಮಿನ ಔಷಧದ ಸೀಸೆಗಳು, ಯಾರದೋ ಮನೆಯ ಕಿಟಕಿಯ ಚೂರುಗಳು, ಎಲ್ಲವನ್ನೂ ಒಂದೇ ಕುಲುಮೆಗೆ ಸುರಿದು ಕರಗಿಸಿದ್ದರಂತೆ. ನನ್ನ ಹಿಂದಿನ ಜನ್ಮ ಯಾವುದೆಂದು ಹೇಗೆ ಹೇಳಲಿ? ಒಮ್ಮೊಮ್ಮೆ ಕೆಮ್ಮಿನ ಔಷಧವೇ ಇರಬೇಕು ಅನ್ನಿಸುತ್ತದೆ, ಮಕ್ಕಳು ಕೆಮ್ಮಿದರೆ ಇವತ್ತಿಗೂ ನನಗೆ ಕಸಿವಿಸಿಯಾಗುತ್ತದೆ.

ಅಲ್ಲಿಂದ ಇನ್ನೊಂದು ಕಟ್ಟಡಕ್ಕೆ ಒಯ್ದು ನಮಗೆ ಗೆರೆ ಎಳೆದರು. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಹೊಸದಾಗಿ ಕೆಲಸಕ್ಕೆ ಬಂದವಳಿಗೆ ಪಾಠ ಹೇಳುತ್ತಿದ್ದಳು: “ಹಳದಿ ಇದ್ರೆ ಪಾಸು, ಕಪ್ಪಾದ್ರೆ ಫೇಲು.” ಅದನ್ನು ಕೇಳಿ ನಾವೆಲ್ಲ ಹೆದರಿಬಿಟ್ಟೆವು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನಾವು ಆರು ಜನ, ಜೊತೆಗೆ ಹತ್ತಾರು ಪುಡಿ ಪೊಟ್ಟಣ. ಲಾರಿಯಲ್ಲಿ ಕುಲುಕುತ್ತ ಬರುವಾಗ ನಾನು ಬೇಡಿಕೊಂಡದ್ದು ಒಂದೇ. ಏನಾದರೂ ಆಗಲಿ, ನಾನು ಮಾತ್ರ ಕಪ್ಪಾಗುವುದು ಬೇಡ.

ಆ ಭಯ ಪಡುವ ಅಗತ್ಯವೇ ಇರಲಿಲ್ಲ. ಏಕೆಂದರೆ ನಮ್ಮನ್ನು ತಂದಿಟ್ಟದ್ದು ಹಳಿಯಾಳದ ಕಡೆಯ ಒಂದು ಪಂಚಾಯ್ತಿಯ ಕಪಾಟಿನಲ್ಲಿ. ಉರಿಯದ ಟ್ಯೂಬ್‌ಲೈಟ್, ಚಕ್ರ ಮುರಿದ ಕುರ್ಚಿಯ ಕಾಲು, ಒಂದು ಕಟ್ಟು ಹಳೆ ಕರಪತ್ರ, ಅವುಗಳ ಹಿಂದೆ ನಾವು. ಮೂರು ವರ್ಷ ಅಲ್ಲಿದ್ದೆವು. ಮೂರು ತಿಂಗಳಿಗೊಮ್ಮೆ ಕ್ಲರ್ಕ್ ಈರಣ್ಣ ಒಂದು ಪುಸ್ತಕ ತೆಗೆದು, ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯುತ್ತಿದ್ದ: “ಎಲ್ಲಾ ನೀರಿನ ಮೂಲಗಳನ್ನು ಪರೀಕ್ಷಿಸಲಾಗಿದೆ. ಸುರಕ್ಷಿತ.” ನಾನು ಕತ್ತಲಲ್ಲಿ ಕೂತು ಕೇಳುತ್ತಿದ್ದೆ. ಪರೀಕ್ಷಿಸಬೇಕಾದವನು ನಾನು. ನನ್ನ ಮುಚ್ಚಳವನ್ನೇ ಇನ್ನೂ ಯಾರೂ ತೆಗೆದಿರಲಿಲ್ಲ.

ಒಂದು ದಿನ ಕಪಾಟಿನ ಹೊರಗೆ ಒಂದು ಗಟ್ಟಿ ದನಿ ಕೇಳಿಸಿತು.

“ಈರಣ್ಣಾರ, ಆ ನೀರಿನ ಪೆಟಿಗಿ ಕೊಡ್ರಿ.”

“ಯಾವ ಪೆಟಿಗಿ?”

“ನಿಮ್ಮ ಕಪಾಟಿನಾಗ ಮೂರು ವರ್ಷದಿಂದ ಧ್ಯಾನಕ್ಕ ಕುಂತೈತಲ್ಲ, ಅದು.”

“ಅದನ್ನ ಹೊರಗಿನವ್ರಿಗೆ ಕೊಡಾಕ ಬರಂಗಿಲ್ಲವಾ. ಸರಕಾರದ್ದು.”

“ನಾನೂ ಸರಕಾರದಾಕೀನ. ಸೀರಿ ನೋಡ್ರಿ, ಗುಲಾಬಿ.”

ಬಾಗಿಲು ತೆರೆಯಿತು. ಬೆಳಕಿನ ಜೊತೆಗೆ ಒಂದು ಮುಖ ಬಗ್ಗಿ ನೋಡಿತು. ಕಡುಗಪ್ಪು ಮೈಬಣ್ಣ, ಸುರುಳಿ ಸುರುಳಿ ಕೂದಲು, ನಕ್ಕರೆ ಇಡೀ ಕೋಣೆಯೇ ಬೆಳಗುವಂಥ ಹಲ್ಲು. ಅವಳು ಖೈರಂಬಿ. ಹೊನ್ನೆಗುಂಡಿ ವಾಡೆಯ ಆಶಾ ಕಾರ್ಯಕರ್ತೆ. ನನ್ನ ಬದುಕಿನಲ್ಲಿ ಕಪ್ಪು ಬಣ್ಣವನ್ನು ನಾನು ಮೊದಲು ನೋಡಿದ್ದು ಅವಳ ಮುಖದಲ್ಲಿ. ಅಷ್ಟು ಹೆದರುವಂಥದ್ದೇನೂ ಕಾಣಿಸಲಿಲ್ಲ.

ವಾಡೆ ಅಂದರೆ ಕಾಡಿನ ಅಂಚಿನ ಚಿಕ್ಕ ಕೇರಿ. ಹೊನ್ನೆಗುಂಡಿಯಲ್ಲಿ ಇರುವುದು ಇಪ್ಪತ್ತೆಂಟು ಮನೆ, ಎಲ್ಲವೂ ಸಿದ್ದಿಗಳವು. ನೂರಾರು ವರ್ಷದ ಕೆಳಗೆ ಆಫ್ರಿಕಾದಿಂದ ಹಡಗಿನಲ್ಲಿ ಬಂದು ಮಾರಾಟವಾದವರ, ಕೊಂಡವರಿಂದ ತಪ್ಪಿಸಿಕೊಂಡು ಈ ಕಾಡು ಹೊಕ್ಕವರ ಮಕ್ಕಳ ಮಕ್ಕಳು. ಕೆಲವರು ಇಗರ್ಜಿಗೆ ಹೋಗುತ್ತಾರೆ, ಕೆಲವರು ಮಸೀದಿಗೆ, ಕೆಲವರು ದೇವಸ್ಥಾನಕ್ಕೆ. ಮನೆಯೊಳಗೆ ಒಬ್ಬೊಬ್ಬರದು ಒಂದೊಂದು ಮಾತು, ಅಂಗಳಕ್ಕೆ ಬಂದರೆ ಕನ್ನಡ. ನೀರು ಮಾತ್ರ ಎಲ್ಲರಿಗೂ ಒಂದೇ ಕಡೆಯದು. ವಾಡೆಯ ಹಿಂದೆ ದೊಡ್ಡ ಹೊನ್ನೆ ಮರದ ಬುಡದಲ್ಲಿ ಒಂದು ಒರತೆ. ಕಲ್ಲಿನ ಸಂದಿಯಿಂದ ಬೇಸಿಗೆಯಲ್ಲೂ ಬೆರಳು ದಪ್ಪ ನೀರು ಬರುತ್ತದೆ.

ಖೈರಂಬಿ ನಮ್ಮ ಪೆಟ್ಟಿಗೆಯನ್ನು ಇಳಿಸಿದ್ದು ಇನಾಸಿ ಮಾಯ್ ಮನೆಯಲ್ಲಿ. ಮಾಯ್ ಅಂದರೆ ಹಿರಿಯಳು. ವಾಡೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೆಯೇ. ಅವಳ ಮಗ ಗೋವಾದಲ್ಲಿ ಮೀನಿನ ಬೋಟಿಗೆ ಹೋಗುತ್ತಾನೆ. ಮನೆಯಲ್ಲಿ ಇರುವುದು ಮಾಯ್, ಸೊಸೆ ರೆಮೆತಿ, ನಾಲ್ಕು ವರ್ಷದ ಮೊಮ್ಮಗಳು ಲುರ್ದು. ಲುರ್ದು ತೆಳ್ಳಗೆ, ಕಣ್ಣು ಮಾತ್ರ ದೊಡ್ಡದು. ಎರಡು ದಿನ ಆಡಿದರೆ ನಾಲ್ಕು ದಿನ ಭೇದಿ. ಅವಳೊಬ್ಬಳೇ ಅಲ್ಲ, ಆ ವರ್ಷ ವಾಡೆಯ ಮಕ್ಕಳೆಲ್ಲ ಹಾಗೇ ಇದ್ದರು.

ಕಾರಣ ಎಲ್ಲರಿಗೂ ಗೊತ್ತಿತ್ತು. ವಾಡೆಯ ತಲೆಯ ಮೇಲೆ, ಅರ್ಧ ಮೈಲಿ ದೂರದ ದಿಬ್ಬದಲ್ಲಿ ಕೋಳಿ ಫಾರಂ. ಎರಡು ಉದ್ದನೆಯ ಶೆಡ್ಡು, ಇಪ್ಪತ್ತು ಸಾವಿರ ಕೋಳಿ. ಮೊದಲು ಅದನ್ನು ದೊಡ್ಡ ಊರಿನ ಪಕ್ಕದಲ್ಲೇ ಕಟ್ಟಬೇಕೆಂದಿದ್ದರಂತೆ. ಊರವರು ವಾಸನೆ ಅಂದರು, ನೊಣ ಅಂದರು, ಬೇಡ ಅಂದರು. ಆಮೇಲೆ ಹೊನ್ನೆಗುಂಡಿಯ ಮೇಲೆ ಜಾಗ ಸಿಕ್ಕಿತು. ಇಲ್ಲಿ ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ.

ಕೋಳಿಗಳು ನಲವತ್ತು ದಿನ ಬೆಳೆಯುತ್ತವೆ. ಆಮೇಲೆ ಲಾರಿಗಳು ಬಂದು ಎಲ್ಲವನ್ನೂ ಒಂದೇ ಸಲ ಒಯ್ಯುತ್ತವೆ. ಅದಕ್ಕೆ ‘ಬ್ಯಾಚ್ ಎದ್ದಿತು’ ಅನ್ನುತ್ತಾರೆ. ಬ್ಯಾಚ್ ಎದ್ದ ಮೇಲೆ ಶೆಡ್ಡು ತೊಳೆಯುತ್ತಾರೆ. ಆ ನೀರು ದಿಬ್ಬದಿಂದ ಇಳಿದು ಹಳ್ಳಕ್ಕೆ, ಹಳ್ಳದಿಂದ ನೆಲದೊಳಗೆ, ನೆಲದೊಳಗಿಂದ ಒರತೆಗೆ. ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದವಳು ರೆಮೆತಿ. ತಾನು ಮೇಲೆ ತೊಳೆದು ಬಿಟ್ಟದ್ದನ್ನೇ ತನ್ನ ಮಗು ಕೆಳಗೆ ಕುಡಿಯುತ್ತಿದೆ ಎಂಬುದು ಅವಳಿಗೆ ತಿಳಿದಿತ್ತು. ಸಂಜೆ ಬಂದವಳು ಮಗುವನ್ನು ಮುಟ್ಟುವ ಮೊದಲು ಮೊಣಕೈವರೆಗೆ ಬೂದಿ ಹಚ್ಚಿ ಉಜ್ಜಿ ತೊಳೆಯುತ್ತಿದ್ದಳು. ಚರ್ಮ ಕಿತ್ತುಬರುವಷ್ಟು.

ಈಗ ಫಾರಂನವರು ಇನ್ನೂ ಎರಡು ಶೆಡ್ಡು ಕಟ್ಟಲು ಪಂಚಾಯ್ತಿಯ ಒಪ್ಪಿಗೆ ಕೇಳಿದ್ದರು. ಸೋಮವಾರ ಸಭೆ. ನಾವು ಹೊನ್ನೆಗುಂಡಿಗೆ ಬಂದದ್ದು ಬುಧವಾರ.

ನಾಲ್ಕು ಶೆಡ್ಡಾದರೆ ಒರತೆ ಉಳಿಯುವುದಿಲ್ಲ. ಆಮೇಲೆ ವಾಡೆ ಎಲ್ಲಿಗೆ ಹೋಗಬೇಕು?

ಗುರುವಾರ ಅಧ್ಯಕ್ಷ ಫಕ್ಕೀರಗೌಡರು ಬಂದರು. ಕೆಟ್ಟ ಮನುಷ್ಯರಲ್ಲ, ದೊಡ್ಡ ದನಿ, ಬಿಳಿ ಅಂಗಿ. ಅಂಗಳದ ಕಟ್ಟೆಯ ಮೇಲೆ ತಾವೇ ಟವೆಲ್ ಹಾಸಿಕೊಂಡು ಕೂತು, “ಶೆಡ್ಡು ಹೆಚ್ಚಾದ್ರ ನಿಮ್ಮ ಹೆಣಮಕ್ಕಳಿಗೇ ಕೆಲಸ ಅಲ್ಲೇನವಾ?” ಎಂದರು. ಮಾಯ್ ಒಳಗೆ ಹೋಗಿ ಕುದಿಸಿ ಆರಿಸಿದ ನೀರನ್ನು, ಬೆಳಗಿ ಫಳಫಳ ಮಾಡಿದ ಹಿತ್ತಾಳೆ ಲೋಟದಲ್ಲಿ ತಂದು ಕೊಟ್ಟಳು. ಗೌಡರು ಕೈ ಅಡ್ಡ ಹಿಡಿದರು.

“ಬ್ಯಾಡವಾ. ಈ ವಾಡೇದ ನೀರು ನನಗ ಆಗಂಗಿಲ್ಲ.”

“ಕುದಿಸೀನ್ರಿ, ಗೌಡ್ರ.”

“ಈಗರ ಕುಡದ ಬಂದೇನಿ.”

ಅವರು ಹೋದ ಮೇಲೆ ಮಾಯ್ ಆ ಲೋಟವನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಕಿಟಕಿಯ ಗೂಡಿನಲ್ಲಿದ್ದ ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

“ಇವರಪ್ಪನೂ ಹಿಂಗs ಅಂತಿದ್ದ,” ಅಂದಳು ಸೊಸೆಗೆ. “ಆಗ ಒರತಿ ನೀರು ಕನ್ನಡಿಯಂಗಿತ್ತು. ಹಸಿ ನೀರಿಗೆ ಒಂದು ಹನಿ ಜೇನು ಹಾಕಿ ಕೊಡತಿದ್ವಿ. ಅವಾಗೂ ಆಗಂಗಿಲ್ಲ ಅಂದ. ಇವರಿಗೆ ನೀರು ಆಗಂಗಿಲ್ಲೋ, ಲೋಟ ಆಗಂಗಿಲ್ಲೋ, ಯಾರಿಗ್ಗೊತ್ತು? ಈಗ ನೀರೂ ಹೊಲಸಾತು. ಇವರಿಗೆ ನೆಪ ಸಿಕ್ತು.”

ರೆಮೆತಿ ಮಗುವಿಗೆ ಗಂಜಿ ಕುಡಿಸುತ್ತಿದ್ದಳು.

ಬ್ಯಾಚ್ ಎದ್ದದ್ದು ಅದೇ ವಾರ. ಶನಿವಾರ ತೊಳೆಯುವ ದಿನ. ಭಾನುವಾರ ಬೆಳಿಗ್ಗೆ ಒರತೆಗೆ ಹೊಲಸು ಇಳಿದಿರುತ್ತದೆ, ಆಗ ತುಂಬಿದರೆ ಸೋಮವಾರದ ಹೊತ್ತಿಗೆ ನಾನು ಬಣ್ಣ ತೋರಿಸುತ್ತೇನೆ. ಖೈರಂಬಿ ಲೆಕ್ಕ ಹಾಕಿದ್ದು ಹೀಗೆ. ಆದರೆ ಭಾನುವಾರ ಅವಳಿಗೆ ಪೋಲಿಯೊ ಹನಿ ಹಾಕುವ ಕೆಲಸ ಬೇರೆ ಊರಲ್ಲಿ. ರೆಮೆತಿಯದು ಶೆಡ್ಡಿನಲ್ಲಿ ಇನ್ನೂ ಮುಗಿದಿರಲಿಲ್ಲ. ಖೈರಂಬಿ ಶನಿವಾರವೇ ಬಂದು ನನ್ನನ್ನು ಮಾಯ್ ಕೈಗೆ ಕೊಟ್ಟಳು.

“ಮಾಯ್, ಮುಂಜಾನೆ ಎದ್ದು ಒರತಿ ನೀರು ಈ ಗೆರೀತನಕ ತುಂಬು. ಈ ಪುಡಿ ಹಾಕು. ಮುಚ್ಚಳ ಬಿಗಿ. ಅಷ್ಟs.”

“ಇದನ್ನ ಯಾರು ನೋಡತಾರ?”

“ಎಲ್ಲಾರೂ. ಗೌಡ್ರು, ಮೆಂಬರ್ರು, ತಾಲೂಕಿನ ಸಾಹೇಬ್ರು ಬರತಾರಂತ, ಅವರೂ.”

ಮಾಯ್ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸೆರಗಿನಿಂದ ಒರೆಸಿದಳು. ನನ್ನನ್ನು ಅಷ್ಟು ಮೆತ್ತಗೆ ಯಾರೂ ಒರೆಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಒರತೆಗೆ ಹೋದದ್ದು ನಿಜ. ಕೊಡ ತುಂಬಿದ್ದೂ ನಿಜ. ನಾನು ಅವಳ ಸೊಂಟದಲ್ಲೇ ಇದ್ದೆ. ನೀರಿನ ಮೇಲೆ ಒಂದು ಬಿಳಿ ಗರಿ ತೇಲುತ್ತಿತ್ತು. ಈಗ ತುಂಬುತ್ತಾಳೆ, ಈಗ ತುಂಬುತ್ತಾಳೆ ಎಂದು ನಾನು ಕಾದೆ. ಅವಳು ತುಂಬಲಿಲ್ಲ. ಕೊಡ ಹೊತ್ತು ಮನೆಗೆ ಬಂದಳು. ಒಲೆ ಹಚ್ಚಿದಳು. ಪಾತ್ರೆಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸಿದಳು. ಆಮೇಲೆ ಕುದಿಸಿದಳು. ಒಂದು ಸಲ ಅಲ್ಲ, ಉಕ್ಕು ಬರುವಂತೆ ಎರಡು ಸಲ. ಆರಿಸಿದಳು. ಆಮೇಲೆ ಉಸಿರು ಬಿಗಿಹಿಡಿದು, ಒಂದು ಹನಿ ಚೆಲ್ಲದಂತೆ, ನನ್ನ ಗೆರೆಯವರೆಗೆ ತುಂಬಿದಳು.

ಉಗುರುಬೆಚ್ಚಗಿನ ಆ ನೀರು ಮೈಗೆ ತಾಗಿದ ಕೂಡಲೇ ನನಗೆ ಅರ್ಥವಾಯಿತು. ಬೇಡ ಮಾಯ್, ಹಸಿಯದೇ ಬೇಕು, ಹೊಲಸೇ ಬೇಕು ಎಂದು ಕೂಗಬೇಕೆನಿಸಿತು. ಆಗಲೇ ಪುಡಿ ಹಾಕಿ ಬಾಯಿಗೆ ಮುಚ್ಚಳ ಬಿಗಿದಾಗಿತ್ತು.

ಅವಳದು ಪೆದ್ದುತನವಲ್ಲ. ನಾಲ್ಕು ಜನ ದೊಡ್ಡವರ ಮುಂದೆ ಇಡುವ ನೀರು. ಬಂದವರ ಮುಂದೆ ಹೊಲಸು ನೀರು ಇಟ್ಟು ಅವಳಿಗೆ ಅಭ್ಯಾಸವೇ ಇರಲಿಲ್ಲ. ಖೈರಂಬಿಯೇ ಎರಡು ವರ್ಷದಿಂದ ಕುದಿಸದೆ ಯಾರಿಗೂ ಕೊಡಬೇಡ ಎಂದು ಬೆನ್ನು ಹತ್ತಿದ್ದಳು. ಕೊಡಗಟ್ಟಲೆ ಕುದಿಸಲು ಸೌದೆ ಸಾಲುತ್ತಿರಲಿಲ್ಲ, ಬಂದವರಿಗೆ ಮಾತ್ರ ಮಾಯ್ ತಪ್ಪದೆ ಕುದಿಸುತ್ತಿದ್ದಳು. ಕುದಿಸು ಅಂದದ್ದನ್ನೂ ತುಂಬು ಅಂದದ್ದನ್ನೂ ಅವಳು ಪಾಲಿಸಿದಳು.

ಸೋಮವಾರ ಶಾಲೆಯ ಜಗಲಿಯಲ್ಲಿ ಸಭೆ. ಮೇಜಿನ ಮೇಲೆ ಹೂದಾನಿಯ ಪಕ್ಕದಲ್ಲಿ ನನ್ನನ್ನು ಬಟ್ಟೆ ಮುಚ್ಚಿ ಇಟ್ಟರು. ವಾಡೆಯ ಹೆಂಗಸರೆಲ್ಲ ಬಂದಿದ್ದರು. ಖೈರಂಬಿ ಎದ್ದು ನಿಂತು, ಕಪ್ಪಾದರೆ ಏನು, ಹಳದಿಯಾದರೆ ಏನು ಎಂದು ಚೆನ್ನಾಗಿ ವಿವರಿಸಿದಳು. ಆಮೇಲೆ ಬಟ್ಟೆ ಸರಿಸಿ ನನ್ನನ್ನು ಎತ್ತಿ ಹಿಡಿದಳು.

ನಾನು ಹಳದಿಯಾಗಿದ್ದೆ. ಬಂಗಾರದ ಹಾಗೆ.

ಹುಟ್ಟಿದಂದಿನಿಂದ ನಾನು ಬಯಸಿದ್ದು ಅದನ್ನೇ. ಪಾಸಾಗಿದ್ದೆ. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಫಾರಂ ಮ್ಯಾನೇಜರ್ ಮೊದಲು ನಕ್ಕ. “ನೋಡ್ರಿ ಸಾಹೇಬ್ರ, ಅವರ ಬಾಟ್ಲಿನ ಹೇಳಾಕತ್ತೈತಿ. ಇನ್ನ ನಮ್ಮ ಮ್ಯಾಲ ಯಾಕ ಹೊರಸತಾರ? ಮಕ್ಕಳ ಕೈ ತೊಳಿಸೂದು ಕಲೀಲಿ ಮೊದಲ.”

ಜಗಲಿಯ ಇನ್ನೊಂದು ಬದಿಯಿಂದ ನಗು ಎದ್ದಿತು. ಖೈರಂಬಿ ನನ್ನನ್ನು ಮೇಜಿನ ಮೇಲೆ ಇಟ್ಟಳು. ಅವಳು ಬಗ್ಗಿ, “ಮಾಯ್, ಎಲ್ಲಿಂದ ತುಂಬಿದಿ?” ಎಂದಳು.

“ಒರತಿಯಿಂದನ.”

“ಆಮ್ಯಾಲ?”

“ಆಮ್ಯಾಲೇನು, ಸೋಸಿದೆ, ಕುದಿಸಿದೆ, ತುಂಬಿದೆ.”

ಈಗ ನಕ್ಕವರು ಎಲ್ಲರೂ. ಸಾಹೇಬರೂ ಮುಖ ತಿರುಗಿಸಿಕೊಂಡರು. ಮಾಯ್‌ಗೆ ಮೊದಲು ಏನಾಯಿತೆಂದು ತಿಳಿಯಲಿಲ್ಲ. ಎಲ್ಲರ ಮುಖ ನೋಡಿದಳು. ಖೈರಂಬಿಯ ಮುಖ ನೋಡಿದ ಮೇಲೆ ತಿಳಿಯಿತು. ಅವಳು ಕೋಲು ಊರಿಕೊಂಡು ಎದ್ದು ನಿಂತಳು.

“ತಪ್ಪು ನಂದು. ಖೈರಂಬಿದಲ್ಲ,” ಅಂದಳು. “ನೀವು ನೋಡೂ ನೀರು, ಹೊಲಸು ಹೆಂಗ ಇಡಲಿ ಅಂತ ಕುದಿಸಿದೆ. ನನಗ ಎಪ್ಪತ್ತು ದಾಟ್ಯಾವು. ಇಷ್ಟು ವರ್ಷದಾಗ ಯಾರ ಮುಂದೂ ಹಂಗ ಇಟ್ಟಿಲ್ರಿ ನಾನು. ಆದರ ನಮ್ಮ ಮುಂದ ಇಟ್ಟೋರು ಯಾರು ಅಂತ ಒಂದಿನ ಕೇಳ್ರಿ.”

ನಗು ನಿಂತಿತು. ಆಗ ಹಿಂದಿನ ಸಾಲಿನಿಂದ ರೆಮೆತಿ ಎದ್ದಳು. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು.

“ಶೆಡ್ಡು ತೊಳಿಯಾಕಿ ನಾನು,” ಅಂದಳು. ದನಿ ಬಹಳ ಸಣ್ಣದು. “ಪೈಪ್ ಹಿಡದು ತೊಳದು, ಹಳ್ಳಕ್ಕ ಬಿಡಾಕಿ ನಾನು. ಹಂಗs ಬಿಡು ಅಂತ ಹೇಳತಾರ, ಬಿಡತೀನಿ. ಸತ್ತ ಕೋಳಿನೂ ಅಲ್ಲೇ ಒಗೀತೀವಿ. ಬ್ಯಾಚ್ ಎದ್ದ ಮ್ಯಾಲ ಬಂದು ನೋಡ್ರಿ. ನಡುವ ಬಂದ್ರ ಏನೂ ಕಾಣಂಗಿಲ್ಲ.”

ಮ್ಯಾನೇಜರ್ ಅವಳ ಕಡೆ ತಿರುಗಲೂ ಇಲ್ಲ. “ನಾಳಿಂದ ಬರಬ್ಯಾಡ,” ಅಂದ ಅಷ್ಟೆ.

ಸಾಹೇಬರು ಗೌಡರ ಕಿವಿಯಲ್ಲಿ ಏನೋ ಹೇಳಿದರು. ಗೌಡರು ಗಂಟಲು ಸರಿಮಾಡಿಕೊಂಡು, ಮುಂದಿನ ಬ್ಯಾಚ್ ಎದ್ದ ಮೇಲೆ ಇನ್ನೊಮ್ಮೆ ಪರೀಕ್ಷೆ ಆಗಲಿ, ಅಲ್ಲಿಯವರೆಗೆ ಒಪ್ಪಿಗೆ ತಡೆಹಿಡಿಯೋಣ ಅಂದರು. “ಆದರ ತುಂಬೂವಾಗ ಮೆಂಬರ್ರು ಮುಂದಿರಬೇಕು. ಮತ್ತ ಕುದಿಸೀರಿ!”

ಮನೆಗೆ ಬರುವ ದಾರಿಯಲ್ಲಿ ಮಾಯ್ ಅತ್ತಳು. ರೆಮೆತಿ ಅಳಲಿಲ್ಲ. “ಬಿಡು ಮಾಯ್, ನನ್ನ ಕೈ ಇನ್ನ ನಾರಂಗಿಲ್ಲ,” ಅಂದಳು. ಖೈರಂಬಿ ಮಾತ್ರ ಸುಮ್ಮನಿರುವವಳಲ್ಲ. “ಮಾಯ್, ನಿನ್ನ ಕೈಗೆ ಕೊಟ್ರ ಆ ಗಟಾರದ ನೀರ್ನೂ ಪಾಯಸ ಮಾಡತಿ,” ಎಂದಳು. ಅಳುತ್ತಿದ್ದ ಮಾಯ್‌ಗೆ ನಗು ಬಂದು ಕೆಮ್ಮು ಹತ್ತಿತು.

ಕಷ್ಟ ಶುರುವಾದದ್ದು ಆಮೇಲೆ. ರೆಮೆತಿಗೆ ಕೆಲಸ ಹೋದದ್ದರಿಂದ ಬ್ಯಾಚ್ ಎಂದು ಏಳುತ್ತದೆ, ಎಂದು ತೊಳೆಯುತ್ತಾರೆ ಎಂದು ಹೇಳುವವರೇ ಇಲ್ಲವಾಯಿತು. ಫಾರಂನವರು ಗೇಟಿಗೆ ತಗಡು ಬಡಿದರು. ತೊಳೆಯಲು ದೂರದಿಂದ ಗಂಡಾಳು ತಂದರು. ಒಂದು ದಿನ ತಪ್ಪಿದರೂ ನೀರು ಮತ್ತೆ ತಿಳಿಯಾಗುತ್ತದೆ, ನಾನು ಮತ್ತೆ ಹಳದಿಯಾಗುತ್ತೇನೆ.

ದಾರಿ ಕಂಡುಹಿಡಿದವಳು ಮಾಯ್. ವಾಡೆಯವರು ಏಳು ವರ್ಷದಿಂದ ಹಗಲು ಪೂರ್ತಿ ಆ ಇಪ್ಪತ್ತು ಸಾವಿರ ಕೋಳಿಗಳ ಸದ್ದು ಕೇಳಿದವರು. ಮಳೆ ದೂರದಲ್ಲಿ ಸುರಿದ ಹಾಗೆ ಒಂದೇ ಸಮನೆ ಇರುತ್ತದೆ. ಯಾರಿಗೂ ಅದು ಈಗ ಕೇಳಿಸುವುದೇ ಇಲ್ಲ. ಮಾಯ್ ಹೇಳಿದಳು: “ಸದ್ದು ಕೇಳಬ್ಯಾಡ್ರಿ. ಸದ್ದು ನಿಂತದ್ದು ಕೇಳ್ರಿ.” ಅವಳು ಪ್ರತಿ ಬೆಳಿಗ್ಗೆ ಹೊಸ್ತಿಲ ಮೇಲೆ ಕೂತು, ಕಣ್ಣು ಮುಚ್ಚಿ, ದಿಬ್ಬದ ಕಡೆ ಕಿವಿ ಕೊಡುತ್ತಿದ್ದಳು. ಲುರ್ದುವೂ ಪಕ್ಕದಲ್ಲಿ ಹಾಗೇ ಕಣ್ಣು ಮುಚ್ಚಿ ಕೂರುತ್ತಿದ್ದಳು, ಆಟವೆಂದುಕೊಂಡು.

ಡಿಸೆಂಬರಿನ ಒಂದು ಬೆಳಿಗ್ಗೆ ಮಾಯ್ ಕಣ್ಣು ತೆರೆದಳು. “ನಿಂತೈತಿ,” ಅಂದಳು. ಆಮೇಲೆ ಎರಡು ದಿನ ಹೆಂಗಸರು ಸರದಿಯ ಮೇಲೆ ಹಳ್ಳದ ದಂಡೆಯಲ್ಲಿ ಸೌದೆ ಆಯುವ ನೆಪದಲ್ಲಿ ಕಾದರು. ಮೂರನೆಯ ದಿನ ನೀರಿಗೆ ನೊರೆ ಬಂತು, ಗರಿ ಬಂತು.

ಮರುದಿನ ಬೆಳಿಗ್ಗೆ ಮೆಂಬರನ್ನು ಕರೆತರಲು ರೆಮೆತಿ ಓಡಿದಳು. ಖೈರಂಬಿ ನನ್ನನ್ನು ತಾನೇ ಬಿಸಿನೀರಲ್ಲಿ ಕುದಿಸಿ ಒಣಗಿಸಿ ತಂದಿದ್ದಳು. ಮೆಂಬರ್ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದಾಗ ರೆಮೆತಿ ಒರತೆಯ ಕಲ್ಲಿನ ಸಂದಿಗೆ ನನ್ನ ಬಾಯಿ ಹಿಡಿದಳು. ತಣ್ಣನೆಯ ನೀರು ಒಳಗೆ ಬಂತು. ಗೆರೆಯವರೆಗೆ. ಪುಡಿ ಹಾಕಿ ಬಿಗಿದ ಮುಚ್ಚಳದ ಮೇಲೆ ಕಾಗದ ಅಂಟಿಸಿ ಮೆಂಬರ್ ಸಹಿ ಹಾಕಿದ. “ಮಾಯ್, ನೀ ದೂರ ನಿಂದ್ರು,” ಎಂದಳು ಖೈರಂಬಿ. “ಒಲಿ ಹತ್ರ ಹೋಗಬ್ಯಾಡ.”

ಆದರೆ ಒಂದು ತೊಡಕಿತ್ತು. ಬೆಚ್ಚಗಿಲ್ಲದಿದ್ದರೆ ನನ್ನ ವಿದ್ಯೆ ನಡೆಯುವುದಿಲ್ಲ. ಆ ಸಲದ ಚಳಿ ಹೇಗಿತ್ತೆಂದರೆ ಹಗಲಲ್ಲೂ ನೆಲ ಕಾಲು ಕಚ್ಚುತ್ತಿತ್ತು. ಒಲೆಯ ಪಕ್ಕ ಇಟ್ಟರೆ ಹೆಚ್ಚು ಬಿಸಿ, ಗೂಡಿನಲ್ಲಿ ಇಟ್ಟರೆ ತಣ್ಣಗೆ. ಖೈರಂಬಿ ತಲೆ ಕೆರೆದುಕೊಂಡಳು. ಆಗ ಮಾಯ್ ಕೈ ಚಾಚಿದಳು.

“ಇಲ್ಲಿ ಕೊಡು. ನಾಲ್ಕು ಮಕ್ಕಳನ್ನ ಬೆಚ್ಚಗ ಇಟ್ಟೀನಿ, ಇದೊಂದನ್ನ ಇಡಲಾರೆನೇನು?”

ಮಾಯ್ ನನ್ನನ್ನು ಸೀರೆಯ ಮಡಿಲಲ್ಲಿ, ಹೊಟ್ಟೆಗೆ ತಾಗುವಂತೆ ಕಟ್ಟಿಕೊಂಡಳು. ಮೇಲೆ ಕೌದಿ ಹೊದ್ದಳು. ಆ ದಿನವಿಡೀ ಅವಳು ಬಗ್ಗಲಿಲ್ಲ, ಕಸ ಗುಡಿಸಲಿಲ್ಲ. ಲುರ್ದು ಎತ್ತಿಕೋ ಎಂದಾಗ, “ಇವತ್ತು ಇನ್ನೊಂದು ಕೂಸೈತಿ ತಡಿ,” ಎಂದಳು. ಹುಡುಗಿ ಕೌದಿಯೊಳಗೆ ತೂರಿಕೊಂಡು ನನ್ನ ಪಕ್ಕದಲ್ಲೇ ಕಿವಿಯಿಟ್ಟು ಮಲಗಿದಳು. ಎರಡೂ ಕಡೆಯಿಂದ ಉಸಿರು ಕೇಳುತ್ತಿತ್ತು, ಒಂದು ಹಳೆಯದು, ಒಂದು ಹೊಸದು.

ಅಲ್ಲೇ, ಆ ಬಿಸಿಯಲ್ಲೇ, ನನ್ನೊಳಗೆ ಏನೋ ತಿರುಗಲು ಶುರುವಾಯಿತು. ಮೊದಲು ತಳದಲ್ಲಿ ಒಂದು ನೆರಳು. ಆಮೇಲೆ ಹೊಗೆಯ ಹಾಗೆ ಮೇಲೇಳುವ ಎಳೆಗಳು. ಹೆದರಿಕೆಯಾಗಲಿಲ್ಲ. ಫೇಲು ಎಂದ ಆ ಹೆಂಗಸಿನ ದನಿ ನೆನಪಾಯಿತು, ಅದೂ ದೂರದಿಂದ. ಆಗು, ಆಗು ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಿಗ್ಗೆ ಮಾಯ್ ಮಡಿಲು ಬಿಚ್ಚಿದಾಗ ನಾನು ತಳದಿಂದ ಗೆರೆಯವರೆಗೆ ಕಪ್ಪಾಗಿದ್ದೆ.

ಖೈರಂಬಿ ನನ್ನನ್ನು ಬೆಳಕಿಗೆ ಹಿಡಿದು ನೋಡಿ ಚಪ್ಪಾಳೆ ತಟ್ಟಿದಳು. “ಏ ಬರ್ರೇ, ನೋಡಬರ್ರಿ! ಇದೂ ನಮ್ಮ ಪೈಕಿ ಆತು!”

ಎಲ್ಲರೂ ನಕ್ಕರು. ರೆಮೆತಿ ಮಾತ್ರ ನಗಲಿಲ್ಲ. ನನ್ನನ್ನು ಇಸಿದುಕೊಂಡು, ಒಳಗಿನ ಕಪ್ಪನ್ನು ನೋಡುತ್ತ, “ಇದನ್ನ ನನ್ನ ಕೂಸು ಕುಡದೈತಿ,” ಅಂದಳು. ಆಮೇಲೆ ಅಳು ಬಂತು, ಇಷ್ಟು ದಿನ ತಡೆದದ್ದೆಲ್ಲ ಸೇರಿ. ಮಾಯ್ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ನಾನು ಇದ್ದ ಜಾಗಕ್ಕೇ.

ಎರಡನೆಯ ಸಭೆಯಲ್ಲಿ ಯಾರೂ ನಗಲಿಲ್ಲ. ನನ್ನನ್ನು ಕೈಯಿಂದ ಕೈಗೆ ದಾಟಿಸಿದರು. ಸಾಹೇಬರು ಸಹಿ ನೋಡಿದರು, ಬಣ್ಣ ನೋಡಿದರು. ಮ್ಯಾನೇಜರ್, “ಬಾಟ್ಲಿಗೆ ಮಸಿ ಹಾಕಿರಬೇಕು” ಎಂದಾಗ ಸಹಿ ಹಾಕಿದ ಮೆಂಬರೇ ಎದ್ದು, “ಹಂಗಾದ್ರ ನಾನು ಸುಳ್ಳ ಏನು?” ಎಂದು ಜಗಳಕ್ಕೆ ನಿಂತ. ಹೊಸ ಶೆಡ್ಡುಗಳಿಗೆ ಒಪ್ಪಿಗೆ ಸಿಗಲಿಲ್ಲ. ಹಳೆಯ ಶೆಡ್ಡಿನ ನೀರಿಗೆ ದಿಬ್ಬದ ಆಚೆ ಬದಿ ಸಿಮೆಂಟಿನ ಗುಂಡಿ ಕಟ್ಟಬೇಕು, ಹಳ್ಳಕ್ಕೆ ಬಿಡಬಾರದು ಎಂದು ಬರೆದರು.

ಬರೆದದ್ದು ಆ ದಿನ. ಗುಂಡಿ ಆದದ್ದು ಮುಂದಿನ ವರ್ಷ, ಅದೂ ಹೆಂಗಸರು ನಾಲ್ಕು ಸಲ ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತ ಮೇಲೆ. ನಾನು ಪ್ರತಿ ಸಲವೂ ಜೊತೆಗಿದ್ದೆ. ಪ್ರತಿ ಬ್ಯಾಚಿಗೂ ನನ್ನನ್ನು ತುಂಬಿದರು. ಕಪ್ಪಾದ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಹಿತ್ತಲಲ್ಲಿ ತೋಡಿದ ಕುಳಿಗೆ ಸುರಿದು, ನನ್ನನ್ನು ಕುದಿಸಿ, ಮತ್ತೆ ತುಂಬಿದರು. ನನ್ನ ಐವರು ಒಡಹುಟ್ಟಿದವರು ಬೇರೆ ವಾಡೆಗಳಿಗೆ ಹೋದರು. ಒರತೆ, ಬಾವಿ, ಬೋರು ಎಂದು ಅವರನ್ನು ಹೊತ್ತು ತಿರುಗಿದವಳು ರೆಮೆತಿ. ಹೋದ ವಾಡೆಯಲ್ಲೆಲ್ಲ ಅವಳು ಮೊದಲು ಹೇಳುತ್ತಿದ್ದ ಮಾತು ಒಂದೇ: “ಅಕ್ಕಾರ, ಕುದಿಸಬ್ಯಾಡ್ರಿ ಮತ್ತ.” ಎಲ್ಲ ಕಡೆಯೂ ಯಾರಾದರೊಬ್ಬ ಅಜ್ಜಿ ಆಗಲೇ ಒಲೆ ಹಚ್ಚಿರುತ್ತಿದ್ದಳಂತೆ.

ಎರಡು ಮಳೆಗಾಲ ಹಳ್ಳವನ್ನು ತೊಳೆದವು. ಒಂದು ಬೆಳಿಗ್ಗೆ ಮಾಯ್ ಮಡಿಲು ಬಿಚ್ಚಿದಾಗ ನಾನು ಹಳದಿಯಾಗಿದ್ದೆ. ಬ್ಯಾಚ್ ಎದ್ದು ತೊಳೆದ ಮರುದಿನದ ನೀರು ಅದು. ಯಾರೂ ನಂಬಲಿಲ್ಲ. “ಮಾಯ್, ಖರೆ ಹೇಳು, ಕುದಿಸಿದಿ?” ಎಂದಳು ಖೈರಂಬಿ. ಮಾಯ್ ಅವಳಿಗೆ ಕೋಲು ತೋರಿಸಿದಳು. ಮುಂದಿನ ಬ್ಯಾಚಿಗೂ ಹಳದಿ. ಅದರ ಮುಂದಿನದಕ್ಕೂ. ಲುರ್ದು ಆಗ ಶಾಲೆಗೆ ಹೋಗುತ್ತಿದ್ದಳು, ಕೆನ್ನೆ ತುಂಬಿಕೊಂಡಿತ್ತು.

ಆ ಬೇಸಿಗೆಯಲ್ಲಿ ಫಕ್ಕೀರಗೌಡರು ಮತ್ತೆ ವಾಡೆಗೆ ಬಂದರು. ಚುನಾವಣೆ ಹತ್ತಿರವಿತ್ತು. ಬಿಸಿಲಿಗೆ ಅವರ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಕಟ್ಟೆಯ ಮೇಲೆ ಟವೆಲ್ ಹಾಸಿ ಕೂತರು. ಮಾಯ್ ಒಳಗೆ ಹೋದಳು. ಒಲೆಯ ಕಡೆ ಹೋಗಲಿಲ್ಲ. ಕೊಡದಿಂದ ನೇರವಾಗಿ ಹಿತ್ತಾಳೆ ಲೋಟಕ್ಕೆ ನೀರು ಬಗ್ಗಿಸಿದಳು. ಇನ್ನೊಂದು ಕೈಯಲ್ಲಿ ಗೂಡಿನಿಂದ ನನ್ನನ್ನು ಎತ್ತಿಕೊಂಡಳು.

“ತಗೋರಿ ಗೌಡ್ರ. ಹಸಿ ನೀರು.”

“ಬ್ಯಾಡವಾ, ಈಗರ...”

“ಇದನ್ನ ನೋಡ್ರಿ.” ಮಾ‌ಯ್ ನನ್ನನ್ನು ಅವರ ಕಣ್ಣ ಮುಂದೆ ಹಿಡಿದಳು. ನಾನು ಅವತ್ತು ಹೊಳೆಯುತ್ತಿದ್ದೆ, ಜೇನಿನ ಹಾಗೆ. “ನಿನ್ನೆ ತುಂಬಿದ್ದು. ನೀವs ಸಭಾದಾಗ ಹಿಡದು ನೋಡಿದ ಬಾಟ್ಲಿ. ಈಗ ನೀರಿಗೆ ಏನೂ ಆಗಿಲ್ಲ. ಇನ್ನ ಏನು ಆಗಂಗಿಲ್ಲ ಅಂತೀರಿ?”

ಅಂಗಳದಲ್ಲಿ ಹತ್ತಾರು ಜನ ಇದ್ದರು. ಗೌಡರು ನನ್ನನ್ನು ನೋಡಿದರು, ಮಾಯ್ ಮುಖ ನೋಡಿದರು, ಲೋಟ ನೋಡಿದರು. ಕೈ ಚಾಚಿ ತೆಗೆದುಕೊಂಡರು. ತಲೆ ಹಿಂದಕ್ಕೆ ವಾಲಿಸಿ, ತುಟಿಗೆ ತಾಗದ ಹಾಗೆ ಲೋಟ ಎತ್ತಿ ಹಿಡಿದು ಸುರಿದುಕೊಂಡರು. ನೀರು ಗಲ್ಲದ ಮೇಲೆ ಇಳಿದು ಅಂಗಿ ತೊಯ್ದಿತು.

“ಕಚ್ಚಿ ಕುಡೀರಿ, ಗೌಡ್ರ,” ಅಂದಳು ಮಾಯ್, ಮಗುವಿಗೆ ಹೇಳಿದ ಹಾಗೆ, ಮೆತ್ತಗೆ. “ಚೆಲ್ಲಿ ಯಾಕ ಹಾಳ ಮಾಡತೀರಿ? ಲೋಟ ತೊಳಿಯಾಕ ನಮ್ಮಲ್ಲಿ ನೀರು ಬೇಕಾದಷ್ಟೈತಿ.”

ಗೌಡರ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಲೋಟ ನಿಧಾನವಾಗಿ ಕೆಳಗಿಳಿಯಿತು. ತುಟಿಗೆ ತಾಗಿತು. ಅವರ ಗಂಟಲು ಏರಿ ಇಳಿಯುವುದು ನನಗೆ ಕಾಣುತ್ತಿತ್ತು. ಪೂರ್ತಿ ಕುಡಿದರು. ಬಿಸಿಲಿಗೆ ನಿಜಕ್ಕೂ ಬಾಯಾರಿತ್ತು ಅಂತ ಕಾಣುತ್ತದೆ, ಖಾಲಿ ಲೋಟವನ್ನು ಮುಂದೆ ಚಾಚಿದರು.

“ಇನ್ನೊಂದೀಟು ಕೊಡವಾ.”

ಇದಾಗಿ ಬಹಳ ವರ್ಷವಾಯಿತು. ಈಗ ಪಂಚಾಯ್ತಿಗೆ ಹೊಸ ಪೆಟ್ಟಿಗೆಗಳು ಬಂದಿವೆ, ಪ್ಲಾಸ್ಟಿಕ್ಕಿನ ಬಾಟಲಿಗಳು. ಅವನ್ನು ರೆಮೆತಿಯ ಜೊತೆ ಲುರ್ದುವೇ ತುಂಬುತ್ತಾಳೆ. ನನ್ನ ಬಾಯಿಯ ಅಂಚು ಒಂದು ಕಡೆ ಮುಕ್ಕಾಗಿದೆ. ಕುದಿದು ಕುದಿದು ಮೈ ಮಸುಕಾಗಿದೆ, ಗೆರೆಯೂ ಅರ್ಧ ಅಳಿಸಿದೆ. ಕೆಲಸಕ್ಕೆ ಬರುವುದಿಲ್ಲವೆಂದು ಖೈರಂಬಿ ಎಸೆಯಲು ಹೊರಟಾಗ ಮಾಯ್ ಕೊಡಲಿಲ್ಲ. ಮಾಯ್ ಹೋದ ಮೇಲೆ ರೆಮೆತಿಯೂ ಎಸೆಯಲಿಲ್ಲ.

ಮನೆಯ ಒಳಮೂಲೆಯಲ್ಲಿ ಹಿರಿಯರಿಗೆಂದು ಬಿಟ್ಟ ಜಾಗವಿದೆ. ವಾಡೆಯಲ್ಲಿ ಯಾವ ದೇವರಿಗೆ ನಡೆದುಕೊಳ್ಳುವವರ ಮನೆಯಲ್ಲೂ ಅದು ಇರುತ್ತದೆ. ಹೋದವರನ್ನು ಅಲ್ಲಿ ನೆನೆಯುತ್ತಾರೆ, ಇದ್ದದ್ದರಲ್ಲಿ ಒಂದಿಷ್ಟು ಇಡುತ್ತಾರೆ. ನಾನೀಗ ಅಲ್ಲಿದ್ದೇನೆ, ಒಂದು ತೆಂಗಿನಕಾಯಿಯ ಪಕ್ಕ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಲುರ್ದು ಒರತೆಗೆ ಹೋಗಿ ಬಂದು ನನ್ನನ್ನು ತುಂಬುತ್ತಾಳೆ. ಪುಡಿ ಹಾಕುವುದಿಲ್ಲ, ಮುಚ್ಚಳ ಹಾಕುವುದಿಲ್ಲ. ಅಳಿಸಿಹೋದ ಗೆರೆಯನ್ನು ಹುಡುಕಿ, ಸರಿಯಾಗಿ ಅಲ್ಲಿಯವರೆಗೆ ತುಂಬಿ, “ಕುಡಿ ಮಾಯ್, ಹಸಿದs ಐತಿ,” ಅನ್ನುತ್ತಾಳೆ.

ಸಂಜೆಯ ಹೊತ್ತಿಗೆ ನೀರು ಒಂದು ಕೂದಲೆಳೆಯಷ್ಟು ಇಳಿದಿರುತ್ತದೆ. ಗಾಳಿಗೆ ಆರಿದ್ದು ಎಂದು ನನಗೆ ಗೊತ್ತು. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಲುರ್ದು ಬಂದು ಬಗ್ಗಿ ನೋಡಿ, ಮಾಯ್ ಕುಡಿದಳು ಅಂದಾಗ ಮಾತ್ರ ಸುಮ್ಮನಿರುತ್ತೇನೆ.